ನನ್ನ ಶೋಕೇಸಿನ ಹಳದಿ ಹುಳ

ಮದುವೆಯಲ್ಲಿ ತವರಿನವರು ಕೊಟ್ಟ ಸಾಮಾನಿನಲ್ಲಿ ನಾನು ಜೀವ ಇಟ್ಟುಕೊಂಡಿದ್ದು ಒಂದರ ಮೇಲೆ, ಗಾಜಿನ ಬಾಗಿಲಿನ ಶೋಕೇಸು. ವಿಜಾಪುರದಿಂದ ಪುಣೆಗೆ ಟೆಂಪೋದಲ್ಲಿ ಬಂದರೂ ಅದರ ಗಾಜಿಗೆ ಒಂದು ಗೀರು ಬಿದ್ದಿರಲಿಲ್ಲ. ಸದಾಶಿವ ಪೇಠೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಜಾಗ ಮಾಡಿಕೊಡಲು ಮಂಚವನ್ನೇ ಕಿಟಕಿಗೆ ಅಡ್ಡ ಹಾಕಿಕೊಂಡಿದ್ದೆವು. ಒಳಗೆ ಲಂಬಾಣಿ ಗೊಂಬೆಗಳು, ಎಂದೂ ಚಹಾ ಕಾಣದ ಕಪ್ಪುಬಸಿಗಳು, ಒಂದು ಪ್ಲಾಸ್ಟಿಕ್ ಗುಲಾಬಿ. ವಾರಕ್ಕೊಮ್ಮೆ ನಾನೇ ಒರೆಸುತ್ತಿದ್ದೆ. ಆ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಕಾರಹುಣ್ಣಿಮೆಯ ಆಸುಪಾಸಿನ ಒಂದು ಭಾನುವಾರ ಕಾಯಿಪಲ್ಲೆ ತೆಗೆದುಕೊಂಡು ಮನೆಗೆ ಬಂದರೆ, ಗೊಂಬೆಗಳೆಲ್ಲ ಮಂಚದ ಮೇಲೆ ಸಾಲಾಗಿ ಮಲಗಿದ್ದವು. ನಮ್ಮ ಮನೆಯವರು ಶೋಕೇಸಿನೊಳಗೆ ತಲೆ ತೂರಿಸಿ ಹಲಗೆಗೆ ತೂತು ಕೊರೆಯುತ್ತಿದ್ದರು.

“ಏನ್ ಮಾಡ್ಲಿಕತ್ತೀರಿ?” ಅಂದೆ.

“ಸರ್ ಅವರ ಹಾವಿಗೆ ಮನಿ ಮಾಡ್ಲಿಕತ್ತೀನಿ,” ಅಂದರು, ಯಾರದೋ ಮಿಕ್ಸರ್ ರಿಪೇರಿ ಮಾಡುತ್ತಿರುವವರ ಹಾಗೆ.

ಅವರದು ಪೇಠೆಯಲ್ಲೇ ಒಂದು ಸಣ್ಣ ರಿಪೇರಿ ಅಂಗಡಿ. ಗೀಸರು, ಮಿಕ್ಸರು, ನೀರಿನ ಮೋಟಾರು, ಹಳೆಯ ಫ್ರಿಜ್ಜು. ಗಿರಾಕಿಗೆ ‘ಆಗುವುದಿಲ್ಲ’ ಎನ್ನುವ ಮಾತು ಅವರ ನಾಲಿಗೆಗೆ ಬರುವುದಿಲ್ಲ. ಸರ್ ಅಂದರೆ ಹಿಂದಿನ ಓಣಿಯ ಮರಾಠಿ ಹಿರಿಯರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಅವರ ಹಳೆಯ ಶಿಷ್ಯನೊಬ್ಬ ಕಾಗದಪತ್ರ ಎಲ್ಲ ಸರಿಮಾಡಿ ದೂರದೇಶದ ಮರಹೆಬ್ಬಾವಿನ ಮರಿಯೊಂದನ್ನು ಅವರಿಗೆ ಕೊಟ್ಟಿದ್ದ. ಅದಕ್ಕೆ ಬಿಸಿಯೂ ಬೇಕು, ಹವೆಯಲ್ಲಿ ತೇವವೂ ಬೇಕು, ಅಂಥದ್ದೊಂದು ಪೆಟ್ಟಿಗೆ ಮಾಡಿಕೊಡು ಎಂದು ಸರ್ ಇವರನ್ನು ಕೇಳಿದ್ದರು. ಪೆಟ್ಟಿಗೆ ಆಗುವ ಮೊದಲೇ ಹಾವು ಬಂತು, ಹಾವಿನ ಹಿಂದೆಯೇ ಸರ್‌ಗೆ ಮೊಣಕಾಲಿನ ಆಪರೇಷನ್ ಗೊತ್ತಾಯಿತು. ಮಗಳ ಊರಿಗೆ ಹೊರಟವರು ಹಾವನ್ನು ಇವರ ಕೈಗೇ ಒಪ್ಪಿಸಿದರು. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ.

ನಾನು ಅವತ್ತು ಏನೇನು ಅಂದೆನೋ ಎಲ್ಲ ಇಲ್ಲಿ ಬರೆಯುವ ಹಾಗಿಲ್ಲ. ತವರಿಗೆ ಹೋಗುತ್ತೇನೆ ಅಂದೆ, ಹಾವನ್ನು ಕಾತ್ರಜದ ಬೆಟ್ಟಕ್ಕೆ ಬಿಟ್ಟು ಬನ್ನಿ ಅಂದೆ. ಇವರು ಎಲ್ಲಕ್ಕೂ ಹೂಂ ಅಂದು ತೂತು ಕೊರೆಯುವುದನ್ನು ಮುಂದುವರಿಸಿದರು. ಜಗಳಕ್ಕೆ ಎದುರು ಜಗಳ ಆಡದ ಗಂಡನ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಮನೆಯಲ್ಲಿ ಇನ್ನೊಬ್ಬರು ಇದ್ದರು, ನಮ್ಮತ್ತೆ. ಈ ಕಥೆ ನಿಜವಾಗಿ ಅವರದು.

ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಮಾವ ತೀರಿಕೊಂಡಿದ್ದರು. ಮಧ್ಯಾಹ್ನ ಮಲಗಿ ಎದ್ದವರಿಗೆ ಅತ್ತೆ ಚಹಾ ಕೊಟ್ಟರು, ಕುಡಿದರು, ಬಟ್ಟಲು ಕೆಳಗಿಟ್ಟರು, ಹಾಗೆಯೇ ಗೋಡೆಗೆ ಒರಗಿ ಹೋದರು. ಹೃದಯದ ಕಾಯಿಲೆ ಮೊದಲಿನಿಂದ ಇತ್ತು, ಡಾಕ್ಟರರು ಹೇಳಿದ್ದರು, ನಾವು ಹೇಳಿದೆವು, ಊರಿನಿಂದ ಬಂದವರೂ ಹೇಳಿದರು. ಅತ್ತೆಯ ತಲೆಗೆ ಹೋಗಲಿಲ್ಲ. “ನನ್ನ ಕೈಗುಣ ಛಲೋ ಇಲ್ಲ” ಎಂದು ಅವತ್ತು ಹಿಡಿದವರು ಬಿಡಲಿಲ್ಲ. ಕಾಯಿಪಲ್ಲೆ ಹೆಚ್ಚಿಕೊಡುತ್ತಿದ್ದರು, ಹಿಟ್ಟು ನಾದಿಡುತ್ತಿದ್ದರು, ಆದರೆ ಯಾರ ತಾಟಿಗೂ ಒಂದು ಚಮಚ ಅನ್ನ ಹಾಕುತ್ತಿರಲಿಲ್ಲ. ಯಾರಾದರೂ ಬಂದರೆ ನೀರಿನ ತಂಬಿಗೆಯನ್ನು ಕೂಡ ಕಟ್ಟೆಯ ಮೇಲೆ ಇಟ್ಟು ಸರಿದು ನಿಲ್ಲುತ್ತಿದ್ದರು. ಮೊದಲು ಅವರ ಬಡಿಸುವಿಕೆ ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧವಾಗಿತ್ತು. ಸಾಕು ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲೇ ತುಪ್ಪ ಬಿಡುವವರು. ಈಗ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತುಬಿಡುತ್ತಿದ್ದರು. ಅವರನ್ನು ಹಾಗೆ ನೋಡಿದರೆ ನನಗೆ ಅಳು ಬರಬೇಕಾಗಿತ್ತು. ನನ್ನ ಸ್ವಭಾವಕ್ಕೆ ಸಿಟ್ಟು ಬರುತ್ತಿತ್ತು. ಅವರ ಕೈತುತ್ತಿಗೆ ನಾನು ಆಸೆಪಡುತ್ತಿದ್ದೆ ಎಂದು ಆಗ ಯಾರಿಗೂ ಹೇಳಿಕೊಳ್ಳಲಿಲ್ಲ.

ಶೋಕೇಸು ಮನೆಯಾಗುತ್ತ ಬಂತು. ಬರೀ ಬಲ್ಬು ಇಟ್ಟರೆ ಮರಿ ಅದನ್ನೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ ಎಂದು ಸರ್ ಎಚ್ಚರಿಸಿದ್ದರು. ಅದಕ್ಕೆ ಇವರು ತಳದ ಖಾನೆಯಲ್ಲಿ ಬಲ್ಬು ಕೂಡಿಸಿ, ಅದರ ಮೇಲಿನ ಹಲಗೆಯನ್ನು ದುಂಡಗೆ ಕೊಯ್ದು, ಆ ಜಾಗಕ್ಕೆ ನಮ್ಮ ಹಳೆಯ ರೊಟ್ಟಿ ಹಂಚನ್ನು ಕೂಡಿಸಿದರು. ಕಬ್ಬಿಣದ ಹಂಚು ನಿಧಾನ ಕಾದು ಬಿಸಿಯನ್ನು ಸಮನಾಗಿ ಮೇಲಕ್ಕೆ ಬಿಡುತ್ತಿತ್ತು. ಹಂಚಿನ ಮೇಲೆ ನೀರಿನ ತಾಟು, ಆ ನೀರು ಆರುತ್ತ ಗಾಜಿನ ಮೇಲೆ ಮಂಜು ಕೂರುತ್ತಿತ್ತು. ಮೇಲಿನ ಹಲಗೆಗಳನ್ನೆಲ್ಲ ಕಿತ್ತು ಪೇರಲದ ಎರಡು ಟೊಂಗೆಗಳನ್ನು ಅಡ್ಡ ಕಟ್ಟಿದರು. ನನ್ನ ಗಾಜಿನ ಬಾಗಿಲಿನ ಅಂಚಿಗೆ ಗಾಳಿಯಾಡಲು ಜಾಳಿಗೆ ಬಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಬಿಸಿ ತೋರಿಸುವ ಒಂದು ಗಡಿಯಾರದಂಥದ್ದನ್ನು ಒಳಗೆ ತೂಗುಹಾಕಿದರು. ಅದರ ಮುಳ್ಳು ಮೂವತ್ತರ ಹತ್ತಿರ ನಿಲ್ಲುವ ತನಕ ಬಲ್ಬು ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ಬಟ್ಟೆಯ ಚೀಲ ಬಿಚ್ಚಿ ಮರಿಯನ್ನು ಟೊಂಗೆಗೆ ಬಿಟ್ಟರು.

ಹಾವೆಂದರೆ ಉದ್ದಕ್ಕೆ ಹರಿದಾಡುವುದು ಎಂದು ನಾನು ತಿಳಿದಿದ್ದೆ. ಇದು ಟೊಂಗೆಯ ಎರಡೂ ಬದಿಗೆ ಮಡಿಕೆ ಮಡಿಕೆಯಾಗಿ ಇಳಿಬಿದ್ದು, ನಡುವೆ ತಲೆ ಇಟ್ಟುಕೊಂಡು ಕೂತಿತು. ಬಣ್ಣ ಆಗ ತಾನೆ ತೇಯ್ದ ಅರಿಷಿಣದ್ದು. ದೊಡ್ಡದಾದ ಮೇಲೆ ಹಸಿರಾಗುತ್ತದಂತೆ. ಅತ್ತೆ ಮೂಲೆಯಿಂದ ಎದ್ದು ಬಾಗಿಲ ತನಕ ಬಂದು ನಿಂತರು. ನಮ್ಮ ಕಡೆ ಹಿರಿಯರು ಹಾವನ್ನು ಹಾವು ಎಂದು ಕರೆಯುವುದಿಲ್ಲ, ಹುಳ ಅನ್ನುತ್ತಾರೆ.

“ಅರಿಷಿಣ ಹಚ್ಚಿಸಿಕೊಂಡು ಕುಂತಂಗ ಅದ ನೋಡು ಹುಳ,” ಅಂದರು. ಕೇಳದೆ ಅವರಾಗಿ ಆಡಿದ ಮಾತು, ಬಹಳ ದಿನಗಳ ಮೇಲೆ.

ದಿನಾ ಮುಂಜಾನೆ ಟೊಂಗೆಗೆ, ಎಲೆಗೆ ನೀರು ಸಿಂಪಡಿಸಬೇಕು, ಸಂಜೆಯೊಳಗೆ ಅದು ಆರಬೇಕು ಎಂದು ಸರ್ ಹೇಳಿಹೋಗಿದ್ದರು. ಇವರು ಬೆಳಿಗ್ಗೆ ಅಂಗಡಿಗೆ ಓಡುತ್ತಿದ್ದರು, ನಾನು ಕೋಚಿಂಗ್ ಕ್ಲಾಸಿನ ಆಫೀಸಿಗೆ. ಇಸ್ತ್ರಿಗೆ ನೀರು ಹೊಡೆಯುವ ಬಾಟಲಿಯನ್ನು ಇವರು ಅತ್ತೆಯ ಪಕ್ಕ ಇಟ್ಟು, ‘ಅವ್ವ, ಇದನ್ನ ಮುಟ್ಟೂದಿಲ್ಲ, ಉಣಿಸೂದಿಲ್ಲ, ಬರೇ ನೀರು’ ಅಂದರು. ಉಣಿಸುವುದಿಲ್ಲ ಅನ್ನುವ ಮಾತಿಗೆ ಅವರು ಒಪ್ಪಿರಬೇಕು. ಕೆಲವೇ ದಿನಗಳಲ್ಲಿ ಮನೆಯೊಳಗೆ ಮತ್ತೆ ದನಿ ಕೇಳಿಸತೊಡಗಿತು. “ಏಳವಾ, ಜಳಕದ ಹೊತ್ತಾತು”, “ಇವತ್ತ ಯಾಕ ಮಾರಿ ಆ ಕಡೆ ಮಾಡೀದಿ?” ಹುಳ ಹೆಣ್ಣೋ ಗಂಡೋ ಸರ್‌ಗೂ ಗೊತ್ತಿರಲಿಲ್ಲ. ಅತ್ತೆಗೆ ಅದು ಹೆಣ್ಣುಮಗಳೆಂದು ಖಾತ್ರಿಯಿತ್ತು. ನಾನು ಆಫೀಸಿನಿಂದ ಬಂದ ಕೂಡಲೆ ಅದರ ದಿನಚರಿ ವರದಿಯಾಗುತ್ತಿತ್ತು. ಸೊಸೆಯ ದಿನ ಹೇಗಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೂ ನನಗೆ ಹಿತವಾಗಿತ್ತು. ನನ್ನ ಶೋಕೇಸು ಹಾಳಾದರೂ ಹಾಳಾಗಲಿ ಅನ್ನಿಸುವಷ್ಟು ಹಿತವಾಗಿತ್ತು.

ತೊಂದರೆ ಇದ್ದದ್ದು ಅದರ ಊಟದ್ದು. ಈರುಳ್ಳಿಯನ್ನೂ ವಾರ ನೋಡಿ ಒಳಗೆ ತರುವ ಮನೆ ನಮ್ಮದು, ಅದರ ಆಹಾರ ಇಲಿಮರಿ. ಸರ್ ಪೊಟ್ಟಣಗಳಲ್ಲಿ ಹಿಮಗಟ್ಟಿಸಿ ಕೊಟ್ಟಿದ್ದರು. ನನ್ನ ಫ್ರಿಜ್ಜಿನಲ್ಲಿ ಇಡುವ ಮಾತೆತ್ತಿದ ದಿನ ಇವರು ನನ್ನ ಮುಖ ನೋಡಿಯೇ ಮಾತನ್ನು ಅರ್ಧಕ್ಕೆ ನುಂಗಿಕೊಂಡರು. ಪೊಟ್ಟಣ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಹಳೆಯ ಫ್ರಿಜ್ಜಿಗೆ ಹೋಯಿತು. ಒಬ್ಬ ಗಿರಾಕಿಣಿ ಆ ಫ್ರಿಜ್ಜು ಚೆನ್ನಾಗಿ ತಂಪಾಗುತ್ತದೆಯೋ ಇಲ್ಲವೋ ಎಂದು ಬಾಗಿಲು ತೆರೆದು, ಪೊಟ್ಟಣ ಕೈಗೆತ್ತಿಕೊಂಡು ನೋಡಿದಳಂತೆ. ಆಮೇಲೆ ಅವಳು ನಮ್ಮ ಅಂಗಡಿಯ ಮುಂದೆ ಹಾಯಲಿಲ್ಲ. ಉಣಿಸುವ ದಿನ ಸಂಜೆ ಇವರು ಒಂದನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ದೀಪ ಆರಿಸಿ, ಉದ್ದನೆಯ ಚಿಮಟದಲ್ಲಿ ಹಿಡಿದು ಒಡ್ಡುತ್ತಿದ್ದರು. ಹುಳ ತಟ್ಟನೆ ಎಳೆದುಕೊಳ್ಳುತ್ತಿತ್ತು. ಅಷ್ಟು ಹೊತ್ತೂ ಅತ್ತೆ ಅಡುಗೆಮನೆಯಲ್ಲಿ ಜಪಸರ ಹಿಡಿದು ಕೂರುತ್ತಿದ್ದರು. ಇವರು ತಲೆಯ ಮೇಲೆ ನೀರು ಹಾಕಿಕೊಳ್ಳದೆ ಒಲೆಯ ಹತ್ತಿರ ಬರುವ ಹಾಗಿರಲಿಲ್ಲ.

ಶ್ರಾವಣ ಬಂತು, ನಾಗರಪಂಚಮಿ ಬಂತು. ಹೊರಗೆ ಮಳೆ ಹಿಡಿದುಕೊಂಡಿತ್ತು. ಪಂಚಮಿಯ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಕರಿಯುವುದಿಲ್ಲ, ಹೆಚ್ಚುವುದಿಲ್ಲ. ಹಂಚೆಂದರೆ ನಾಗಪ್ಪನ ಹೆಡೆ, ಅದು ಕಾದರೆ ಅವನಿಗೆ ಉರಿಯುತ್ತದೆ. ಕುದಿಸಿದ್ದು, ಉಗಿಯಲ್ಲಿ ಬೇಯಿಸಿದ್ದು ಮಾತ್ರ ಊಟಕ್ಕೆ. ಮಣ್ಣಿನ ನಾಗಪ್ಪನಿಗೆ ಹಾಲೆರೆದು ತಣ್ಣಗಿರು ಎಂದು ಬೇಡಿಕೊಳ್ಳುವುದೇ ಹಬ್ಬ. ನಾನು ಮುಂಜಾನೆ ಅವಸರದಲ್ಲಿ ಹಾಲೆರೆದು, ಕಡುಬು ಉಗಿಯಲ್ಲಿಟ್ಟು ಇಳಿಸಿ, ಆಫೀಸಿಗೆ ಹೋದೆ. ಎಲ್ಲರಿಗೂ ಅಂಥ ಹಬ್ಬಕ್ಕೆ ರಜೆ ಇರುವುದಿಲ್ಲ.

ಸಂಜೆ ಬಾಗಿಲು ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಂಚು. ದೇವರ ಮುಂದೆ ಗೋಡೆಗೆ ಒರಗಿ ನಿಂತಿತ್ತು, ತಿಕ್ಕಿ ತೊಳೆದು ಅರಿಷಿಣ ಕುಂಕುಮ ಹಚ್ಚಿತ್ತು. ಬಲ್ಬಿನ ವೈರು ಗೋಡೆಯಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು. ಶೋಕೇಸಿನ ಎರಡೂ ಬಾಗಿಲು ತೆರೆದಿದ್ದವು. ಒಳಗೆ ಎಲೆ, ಟೊಂಗೆ, ಗಾಜು ಎಲ್ಲದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರೆದುರು ನೆಲದ ಮೇಲೆ ಅತ್ತೆ ಕೈಮುಗಿದು ಕೂತಿದ್ದರು. ಮಾವ ಹೋದಮೇಲೆ ಅವರ ಮುಖದಲ್ಲಿ ಅಷ್ಟು ಸಮಾಧಾನವನ್ನು ನಾನು ಕಂಡಿರಲಿಲ್ಲ.

“ಪಂಚಮಿ ದಿನ ಆಕಿ ಕಾಲಕೆಳಗ ಹಂಚು ಕಾಯಸ್ತಾರೇನ ಯಾರರೆ?” ಅಂದರು. “ಎಲ್ಲಾ ತಗದು ತಂಪು ಮಾಡೀನಿ. ನೋಡು, ಹೆಂಗ ತಣ್ಣಗ ಮಲಗ್ಯಾಳ.”

ಹುಳ ಟೊಂಗೆಯ ಮೇಲೆ ಇರಲಿಲ್ಲ. ಕೆಳಗೆ ಒದ್ದೆ ಹಲಗೆಯ ಮೇಲೆ ಸಡಿಲವಾಗಿ ಬಿದ್ದಿತ್ತು, ಮಡಿಕೆಗಳೆಲ್ಲ ಬಿಚ್ಚಿಹೋಗಿದ್ದವು. ನನ್ನ ಬಾಯಿ ಹೇಗಿದೆ ಎಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು. ಆದರೆ ಆ ಮುಖ ನೋಡಿ ಬೈಗುಳ ನುಂಗಿಕೊಂಡು ನಾನು ಹೊರಗೆ ಹೋಗಿ ಅಂಗಡಿಗೆ ಫೋನು ಮಾಡಿದೆ.

ಇವರು ಮಳೆಯಲ್ಲಿ ಓಡುತ್ತ ಬಂದರು. ಹಂಚನ್ನು ಮತ್ತೆ ಕೂಡಿಸಿ, ಒಳಗೆಲ್ಲ ಒರೆಸಿ, ಬಲ್ಬು ಹಚ್ಚಿ, ಸರ್‌ಗೆ ಫೋನು ಹಚ್ಚಿದರು. ಸರ್ ಆ ಕಡೆಯಿಂದ ಗಟ್ಟಿಯಾಗಿ ಮರಾಠಿಯಲ್ಲಿ ಹೇಳುತ್ತಿದ್ದದ್ದು ಮನೆಗೆಲ್ಲ ಕೇಳಿಸುತ್ತಿತ್ತು. ‘ಥಂಡಿ’ ಎಂಬ ಮಾತು ಮತ್ತೆ ಮತ್ತೆ ಬಂತು. ಅತ್ತೆಗೆ ಮರಾಠಿ ಅಷ್ಟು ಸಾಕಿತ್ತು.

“ನಾ ತಂಪು ಮಾಡಿದ್ದಕ್ಕ ಹಿಂಗಾತೇನು?” ಎಂದು ಮಗನನ್ನು ಕೇಳಿದರು.

“ಮಧ್ಯಾಹ್ನ ಕರೆಂಟೂ ಹೋಗಿದ್ದಿರಬೇಕವ್ವ,” ಅಂದರು ಇವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಇವರ ರೀತಿ.

“ಸುಳ್ಳ ಹೇಳಬ್ಯಾಡ ತಮ್ಮಾ,” ಅಂದರು ಅತ್ತೆ. ನೀರಿನ ಬಾಟಲಿಯನ್ನು ತಂದು ನನ್ನ ಪಕ್ಕದಲ್ಲಿಟ್ಟು, ಹೋಗಿ ತಮ್ಮ ಮೂಲೆಯಲ್ಲಿ ಕೂತರು.

ಮರುದಿನ ಹುಳ ಟೊಂಗೆ ಹತ್ತಿತು, ಆದರೆ ಊಟ ಬಿಟ್ಟಿತು. ಸರ್ ಹೇಳಿದ್ದು ಇಷ್ಟೆ: ಶೀತ ಎದೆಗೆ ಇಳಿಯದಿದ್ದರೆ, ತಾನಾಗಿ ಅನ್ನ ಹಿಡಿದರೆ ಬದುಕುತ್ತದೆ, ಇಲ್ಲದಿದ್ದರೆ ಕಷ್ಟ. ಇವರು ವಾರ ಬಿಟ್ಟು ವಾರ ಒಡ್ಡಿದರು. ಮೂತಿಗೆ ತಾಗಿಸಿದರು, ಅದು ಮುಖ ತಿರುಗಿಸಿತು. ಅರಿಷಿಣದ ಬಣ್ಣ ಮಾಸಿದ ಹಾಗೆ ಕಾಣುತ್ತಿತ್ತು, ಬೆನ್ನಿನ ಎಲುಬಿನ ಗೆರೆ ಎದ್ದು ತೋರುತ್ತಿತ್ತು. ಅತ್ತೆ ಆ ಕೋಣೆಗೆ ಬರುವುದನ್ನೇ ಬಿಟ್ಟರು. ಹಿಟ್ಟು ನಾದುವುದನ್ನೂ ಬಿಟ್ಟರು. ಯಾಕೆ ಎಂದು ಕೇಳಿದರೆ, ತಮ್ಮ ಎರಡೂ ಅಂಗೈ ಮುಂದೆ ಹಿಡಿದು ತೋರಿಸಿದರು. ಆ ಹುಳ ಸತ್ತರೆ ಅವರು ಇನ್ನು ಸಾಯುವ ತನಕ ಯಾರಿಗೂ ಒಂದು ತುತ್ತು ನೀಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಹರಕೆ ಹೊರುವ ಅಭ್ಯಾಸ ನನಗಿಲ್ಲ. ದಿನಾ ಆಫೀಸಿಗೆ ಹೋಗುವ ಮೊದಲು ಗಾಜಿನ ಮುಂದೆ ನಿಂತು, “ಉಣ್ಣ ಇನ್ನ, ಮುದಿಕಿ ಸಲುವಾಗೆರೆ ಉಣ್ಣ” ಎಂದು ಆ ಹುಳವನ್ನು ಬೈಯುತ್ತಿದ್ದೆ.

ಪೇಠೆಯಲ್ಲಿ ಗಣಪತಿ ಮಂಟಪಗಳ ಬಿದಿರು ಕಟ್ಟತೊಡಗಿದ್ದರು. ಒಂದು ದಿನ ಇವರಿಗೆ ಇಂದಾಪುರದ ಕಡೆಯಿಂದ ಕರೆ ಬಂತು, ಕಬ್ಬಿನ ಹೊಲದ ಮೋಟಾರು ಸುಟ್ಟಿದೆಯೆಂದು. ಸಂಜೆಗೆ ವಾಪಸು ಬಂದು ಉಣಿಸುತ್ತೇನೆ ಎಂದು ಪೊಟ್ಟಣವನ್ನು ತಂದು ಬಚ್ಚಲಲ್ಲಿ ಮುಚ್ಚಿಟ್ಟು ಹೋದರು. ಸಂಜೆ ಫೋನು ಬಂತು. ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತ್ತು.

“ಇವತ್ತ ಬಿಟ್ರ ಅದು ಕೆಡ್ತದ. ನೀನ ಉಣಿಸಿಬಿಡು,” ಅಂದರು.

ನಾನು ಬಾಯಿಯಲ್ಲಿ ಹುಲಿ. ಇಲಿ ಕಂಡರೆ ಕುರ್ಚಿಯ ಮೇಲಿರುತ್ತೇನೆ. ಆದರೂ ಮೂಗಿಗೆ ಸೆರಗು ಕಟ್ಟಿಕೊಂಡು, ಬಿಸಿನೀರಿನಿಂದ ಅದನ್ನು ಚಿಮಟದಲ್ಲಿ ಎತ್ತಿ, ದೀಪ ಆರಿಸಿ, ಗಾಜಿನ ಬಾಗಿಲು ತೆರೆದೆ. ಹುಳ ತಲೆ ನನ್ನ ಕಡೆ ತಿರುಗಿಸಿತು. ಅಷ್ಟಕ್ಕೇ ನಾನು ಹಿಂದೆ ಹಾರಿದೆ, ಚಿಮಟ ಸ್ಟೂಲಿನ ಮೇಲೆ ಬಿತ್ತು. ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟೆ. ಅವತ್ತು ನಿಜವಾಗಿ ಅಳು ಬಂತು, ಜೋರಾಗಿಯೇ ಅತ್ತುಬಿಟ್ಟೆ.

ಅಡುಗೆಮನೆಯ ಬಾಗಿಲಲ್ಲಿ ನಮ್ಮತ್ತೆ ನಿಂತಿದ್ದರು.

“ನೀ ಅತ್ತಾಗ ಸರಿ,” ಅಂದರು.

“ಅದು ಇಲಿ ಅದರೀ ಅತ್ತಿ.”

“ನನಗ ಕಣ್ಣ ಕಾಣಸ್ತಾವ.”

ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹುಟ್ಟಿದಾಗಿನಿಂದ ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟದ ಹೆಂಗಸು ಬಗ್ಗಿ ಇಲಿಮರಿಯನ್ನು ಚಿಮಟದಲ್ಲಿ ಎತ್ತಿಕೊಂಡರು. ಗೋಡೆಯ ಮೇಲಿನ ಗಣಪತಿಯ ಕಡೆ ತಿರುಗಿ, “ತಪ್ಪಾತೋ ಯಪ್ಪಾ, ನಿನ್ನ ವಾಹನ” ಅಂದರು. ನಗು ಬರುವಂಥ ಮಾತು, ನನಗೆ ನಗಲಾಗಲಿಲ್ಲ. ಶೋಕೇಸಿನ ಮುಂದೆ ಸ್ಟೂಲು ಎಳೆದು ಕೂತು ಕೈ ಒಳಗೆ ಚಾಚಿದರು.

ಇವರು ಹಾಗೆ ಒಡ್ಡುವಾಗ ಮೂತಿಗೆ ತಿವಿಯುತ್ತಿದ್ದರು. ಅತ್ತೆ ತಿವಿಯಲಿಲ್ಲ. ಸ್ವಲ್ಪ ದೂರದಲ್ಲಿ ಹಿಡಿದು ಸುಮ್ಮನೆ ಕೂತರು. ವಯಸ್ಸಾದ ಕೈ, ಮೊದಲೇ ನಡುಗುತ್ತಿತ್ತು, ಚಾಚಿ ಹಿಡಿದು ಹಿಡಿದು ಇನ್ನಷ್ಟು ನಡುಗತೊಡಗಿತು. ಚಿಮಟದ ತುದಿಯಲ್ಲಿ ಆ ಇಲಿಮರಿ ಜೀವ ಇದ್ದ ಹಾಗೆ ಅಲುಗುತ್ತಿತ್ತು. ಹೊರಗಿನಿಂದ ಓಣಿಯ ದೀಪದ ಬೆಳಕು ಅಷ್ಟಿಷ್ಟು ಬೀಳುತ್ತಿತ್ತು. ಹುಳದ ಮಡಿಕೆಗಳು ಬಿಗಿಯಾದವು. ತಲೆ ನಿಧಾನ ಮುಂದೆ ಬಂತು, ನಿಂತಿತು, ಮತ್ತೆ ಮುಂದೆ ಬಂತು. ಕೈ ಸೋತರೆ ಹಿಡಿಯೋಣ ಎಂದು ನಾನು ಎದ್ದು ನಿಂತೆ. ಅತ್ತೆ ಇನ್ನೊಂದು ಕೈಯಲ್ಲಿ ನನ್ನನ್ನು ತಡೆದರು.

“ಉಣ್ಣವಾ,” ಅಂದರು, ಬಹಳ ಮೆತ್ತಗೆ. “ನನ್ನ ಕೈಲೆ ಒಂದು ತುತ್ತು ಉಣ್ಣವಾ. ಮತ್ತ ಕೇಳೂದಿಲ್ಲ.”

ಟಕ್ಕೆಂದು ಸದ್ದಾಯಿತು. ಅತ್ತೆಯ ಕೈ ಜಗ್ಗಿದಂತಾಗಿ ಚಿಮಟ ಖಾಲಿಯಾಯಿತು. ಹುಳ ತುತ್ತನ್ನು ಸುತ್ತಿಕೊಂಡು ಟೊಂಗೆಯಿಂದ ತಲೆಕೆಳಗಾಗಿ ಜೋತುಬಿದ್ದಿತ್ತು. ನಾವಿಬ್ಬರೂ ನೋಡುತ್ತಲೇ ಇದ್ದೆವು. ನುಂಗುವುದಕ್ಕೆ ಅದು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಬುಟ್ಟಿ ರೊಟ್ಟಿ ಬೇಯಿಸಬಹುದಿತ್ತು. ಕೊರಳಿನ ಗಂಟು ಕೆಳಗೆ ಇಳಿದ ಮೇಲೆ ಅತ್ತೆ ಮೆಲ್ಲನೆ ಬಾಗಿಲು ಮುಚ್ಚಿದರು. ನಾನು ಅವರ ಕೈ ಹಿಡಿಯಲು ಹೋದೆ.

“ಮುಟ್ಟಬ್ಯಾಡ, ಮೈಲಿಗಿ,” ಎಂದು ಬಚ್ಚಲಿಗೆ ಹೋದರು. ಬಹಳ ಹೊತ್ತು ನೀರಿನ ಸದ್ದು ಕೇಳಿಸಿತು.

ನಾನು ಅಡುಗೆಮನೆಗೆ ಹೋಗಿ ತಾಟು ಹಾಕಿ, ಇವರ ಪಾಲು ಮುಚ್ಚಿಟ್ಟು, ರೊಟ್ಟಿಯ ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಒದ್ದೆ ಕೂದಲಿನ ಅತ್ತೆ ಬಂದು ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಕೂಡು ಎಂದು ಕಣ್ಣಲ್ಲೇ ತೋರಿಸಿದರು. ರೊಟ್ಟಿ ಮುರಿದು ತಾಟಿಗೆ ಹಾಕಿದರು, ಬದನೆಕಾಯಿ ಪಲ್ಲೆ ಹಾಕಿದರು, ಅದು ಮೊಸರಿನ ಮೇಲೂ ಬಿತ್ತು. ಆ ಪಲ್ಲೆ ನಾನೇ ಮಾಡಿದ್ದು. ಉಪ್ಪು ಮರೆತಿದ್ದೆ. ಇನ್ನೊಂದಿಷ್ಟು ಹಾಕ್ರಿ ಅತ್ತಿ ಎಂದು ತಾಟು ಮುಂದೆ ಮಾಡಿದೆ.